ಕಡಲ ದಡದ ‘ನೀಲಿ ಬಲೂನು’: ಪ್ರವಾಸಕ್ಕೆ ಹೋಗುವ ನಮ್ಮ ಮಕ್ಕಳಿಗೆ ಹೇಳುವವರು ಯಾರು?

ರಾಯಚೂರು: ಸಮುದ್ರವೇ ಇಲ್ಲದ ಜಿಲ್ಲೆಗೆ ಸಮುದ್ರದ ಜೀವಿಗಳ ಉಸಾಬರಿ ಯಾಕೆ ಅಂತೀರಾ? ರಾಯಚೂರು, ಮಾನ್ವಿ, ದೇವದುರ್ಗದಿಂದ ಗೋಕರ್ಣ, ಮುರುಡೇಶ್ವರಕ್ಕೆ ಪ್ರವಾಸ ಹೋಗುವವರಿದ್ದಾರೆ. ಗುಳೆ ಹೋದ ಕುಟುಂಬಗಳು ಗೋವಾ, ಮಂಗಳೂರು ಕಡೆ ದುಡಿಯುತ್ತಿವೆ. ಮರಳಿನ ಮೇಲೆ ನೀಲಿ ಬಲೂನಿನಂಥದ್ದು ಬಿದ್ದಿದ್ದರೆ, ಸಮುದ್ರವನ್ನೇ ಕಾಣದ ಮಗು ಅದನ್ನು ಎತ್ತಿಕೊಳ್ಳದೆ ಬಿಡುತ್ತದಾ?

ಅದರ ಹೆಸರು ಬ್ಲೂ ಬಾಟಲ್. ‘ಪೋರ್ಚುಗೀಸ್ ಮ್ಯಾನ್ ಆಫ್ ವಾರ್’ ಅಂತಲೂ ಕರೆಯುತ್ತಾರೆ. ನೋಡಲು ಜೆಲ್ಲಿ ಫಿಶ್‌ನಂತಿದ್ದರೂ ಅದು ಒಂದೇ ಪ್ರಾಣಿಯಲ್ಲ, ಪುಟ್ಟ ಜೀವಿಗಳು ಕೂಡಿ ಬಾಳುವ ಗುಂಪು. ಅದಕ್ಕೆ ಈಜಲು ಬರೋದಿಲ್ಲ. ಮೇಲಿನ ಚೀಲವೇ ಹಾಯಿ, ಗಾಳಿ ತಳ್ಳಿದತ್ತ ಪಯಣ. ನಮ್ಮ ಹೊಲಗಳಿಗೆ ಮಳೆ ತರುವ ಮುಂಗಾರು ಗಾಳಿಯೇ ಅದನ್ನು ನಡುಸಮುದ್ರದಿಂದ ದಡಕ್ಕೆ ತಂದು ಹಾಕುತ್ತದೆ. ಕೆಳಗೆ ಇಳಿಬಿದ್ದ ದಾರಗಳಲ್ಲಿ ವಿಷವಿರುತ್ತದೆ. ಸತ್ತು ಬಿದ್ದಿದ್ದರೂ ಕುಟುಕುತ್ತದೆ.

2018ರ ಆಗಸ್ಟ್‌ನಲ್ಲಿ ಮುಂಬೈನ ಬೀಚ್‌ಗಳಲ್ಲಿ ಇದು ಹಲವರನ್ನು ಕುಟುಕಿತ್ತು. 2020ರ ನವೆಂಬರ್‌ನಲ್ಲಿ ಗೋವಾದಲ್ಲಿ ಎರಡೇ ದಿನಗಳಲ್ಲಿ 90ಕ್ಕೂ ಹೆಚ್ಚು ಜನರಿಗೆ ಜೆಲ್ಲಿ ಫಿಶ್ ಕುಟುಕಿತು. ಅಂದರೆ ಮಳೆಗಾಲ ಮುಗಿದರೆ ಭಯವಿಲ್ಲ ಅನ್ನುವಂತಿಲ್ಲ. ಶಾಲಾ ಪ್ರವಾಸಗಳು ಹೊರಡುವುದೂ ಅದೇ ಚಳಿಗಾಲದಲ್ಲಿ.

ಜೀವಕ್ಕೆ ಅಪಾಯವಾಗುವುದು ಅಪರೂಪ, ಆದರೆ ಉರಿ ಮಾತ್ರ ತಡೆಯಲಾಗದು. ಗಾಬರಿಯಲ್ಲಿ ಮರಳು ಹಾಕಿ ಉಜ್ಜಿದರೆ ವಿಷ ಇನ್ನಷ್ಟು ಏರುತ್ತದೆ. ಮೊದಲು ಸಮುದ್ರದ ನೀರಿನಿಂದಲೇ ತೊಳೆಯಬೇಕು. ಅಂಟಿದ ದಾರಗಳನ್ನು ಬರಿಗೈಯಲ್ಲಿ ಮುಟ್ಟದೆ ಚಿಮಟದಿಂದ ತೆಗೆಯಬೇಕು. ಆಮೇಲೆ ತಡೆಯುವಷ್ಟು ಬಿಸಿ ನೀರಿನಲ್ಲಿ ಸುಮಾರು 20 ನಿಮಿಷ ಇಡಬೇಕು. ಉಸಿರಾಟಕ್ಕೆ ತೊಂದರೆಯಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಜೊತೆಗೇ ನಾಣ್ಯದಂತೆ ದುಂಡಗಿನ ‘ಬ್ಲೂ ಬಟನ್’ ಕೂಡ ತೇಲಿ ಬರುತ್ತದೆ. ಅದರ ಕಾಟ ಕಡಿಮೆ. ಆದರೆ ಯಾವುದು ಯಾವುದು ಅಂತ ಮಗುವಿಗೆ ಹೇಗೆ ತಿಳಿಯಬೇಕು? ನೀಲಿ ಬಣ್ಣದ್ದು ಯಾವುದನ್ನೂ ಮುಟ್ಟಬೇಡ ಅನ್ನುವುದೇ ಸರಿಯಾದ ಪಾಠ.

ದೇವದುರ್ಗದ ಕೃಷ್ಣಾ ತೀರದ ಮಕ್ಕಳಿಗೆ ಮೊಸಳೆಯ ಎಚ್ಚರಿಕೆಯನ್ನು ಯಾರೂ ಪುಸ್ತಕ ತೆರೆದು ಕಲಿಸಬೇಕಿಲ್ಲ, ಮನೆಯ ಹಿರಿಯರೇ ಹೇಳುತ್ತಾರೆ. ಕಡಲಿನ ವಿಷಯ ಹಾಗಲ್ಲ. ಇಲ್ಲಿನ ಮನೆಗಳಲ್ಲಿ ಅದನ್ನು ಕಂಡು ಉಂಡವರು ಕಡಿಮೆ. ಆದ್ದರಿಂದ ಈ ಹೊಣೆ ಶಾಲೆಯದ್ದೇ. ಪ್ರವಾಸಕ್ಕೆ ಅನುಮತಿ ಕೊಡುವಾಗ ಶಿಕ್ಷಣ ಇಲಾಖೆ ಚಿತ್ರ ಸಮೇತ ಅರ್ಧ ಪುಟದ ಸೂಚನೆ ಕೊಡಲಿ. ಬಸ್ಸಿನ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಒಂದು ಚಿಮಟ, ಒಂದು ಥರ್ಮಾಸ್ ಬಿಸಿ ನೀರು ಇರಲಿ. ಇದಕ್ಕೆ ದೊಡ್ಡ ಅನುದಾನವೇನೂ ಬೇಕಾಗಿಲ್ಲ.