ಟ್ಯಾಬಿಗೆ ಮುಂಚೆ ಕಡ್ಡಿ ಕಟ್ಟು

ಸಣ್ಣ ಊರಿನ ಸರ್ಕಾರಿ ಶಾಲೆಗೆ ಸ್ಮಾರ್ಟ್ ಟಿವಿ, ಟ್ಯಾಬ್ ಕೊಡಿಸಲು ಈಗ ದಾನಿಗಳಿಗೆ ಬರವಿಲ್ಲ. ಹಳೆಯ ವಿದ್ಯಾರ್ಥಿಗಳೋ, ಬೆಂಗಳೂರಿನ ಕಂಪನಿಯೋ, ಗ್ರಾಮ ಪಂಚಾಯಿತಿಯೋ ಯಾರಾದರೊಬ್ಬರು ಮುಂದೆ ಬರುತ್ತಾರೆ. ಬರಲಿ. ಆದರೆ ಟಿವಿ ಗೋಡೆ ಏರುವ ಮೊದಲೇ ಒಂದು ಮಾತು ಇತ್ಯರ್ಥವಾಗಬೇಕು: ಅದು ಮೇಷ್ಟ್ರ ಪಾಠದ ಜೊತೆಗೆ ಬರುತ್ತಿದೆಯೋ, ಪಾಠದ ಬದಲಿಗೋ?

ಗುಜರಾತಿನ ‘ಜ್ಞಾನ ಶಾಲಾ’ ಸಂಸ್ಥೆಯ ಶಾಲೆಗಳಲ್ಲಿ ಅರ್ಥಶಾಸ್ತ್ರಜ್ಞ ಲೀ ಲಿಂಡನ್ ಇದನ್ನೇ ಒರೆಗೆ ಹಚ್ಚಿದ್ದರು. ಗಣಿತದ ತಂತ್ರಾಂಶ ಒಂದೇ, ಬಳಸಿದ ಬಗೆ ಎರಡು. ತರಗತಿಯ ಪಾಠ ಬಿಡಿಸಿ ಕಂಪ್ಯೂಟರ್ ಮುಂದೆ ಕೂರಿಸಿದ ಕಡೆ ಮಕ್ಕಳ ಕಲಿಕೆ ಕುಸಿಯಿತು. ಶಾಲೆಯ ಅವಧಿಯ ಆಚೆಗೆ, ಹೆಚ್ಚುವರಿಯಾಗಿ ಕೂರಿಸಿದ ಕಡೆ ತೀರಾ ಹಿಂದೆ ಬಿದ್ದಿದ್ದ ಮಕ್ಕಳು ಚೇತರಿಸಿಕೊಂಡರು. 2008ರ ಈ ಅಧ್ಯಯನವನ್ನು ಸ್ಮಾರ್ಟ್ ಕ್ಲಾಸಿಗೆ ಟೆಂಡರ್ ಕರೆಯುವ ಪ್ರತಿಯೊಬ್ಬ ಅಧಿಕಾರಿಯೂ ಓದಬೇಕು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 52ರಲ್ಲಿ 17 ಕಳೆಯಲು ಹೇಳಿ. ಮೂರನೇ ತರಗತಿಯ ಎಷ್ಟೋ ಮಕ್ಕಳು 45 ಎಂದು ಬರೆಯುತ್ತಾರೆ. ಎರಡರಲ್ಲಿ ಏಳು ಹೋಗುವುದಿಲ್ಲವಲ್ಲ, ಅದಕ್ಕೆ ಏಳರಲ್ಲೇ ಎರಡು ಕಳೆದುಬಿಡುತ್ತಾರೆ. ಟ್ಯಾಬ್ ಕೆಂಪು ಗುರುತು ತೋರಿಸಿ ಮುಂದಿನ ಲೆಕ್ಕ ಕೊಡುತ್ತದೆ. ಮಗು ಅದೇ ತಪ್ಪನ್ನು ಮತ್ತೆ ಮಾಡುತ್ತದೆ. ಟೀಚರ್ ಪಕ್ಕದಲ್ಲಿದ್ದರೆ ಹತ್ತತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ ನೆಲದ ಮೇಲಿಟ್ಟು, ‘ನನಗೆ ಏಳು ಕಡ್ಡಿ ಕೊಡು ಪುಟ್ಟಾ’ ಎನ್ನುತ್ತಾರೆ. ಮಗು ಎರಡನ್ನು ಕೊಡುತ್ತದೆ, ಸಾಲದು ಎಂದು ಗೊತ್ತಾಗಿ ಟೀಚರ್ ಮುಖ ನೋಡುತ್ತದೆ, ಆಮೇಲೆ ತಾನೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುತ್ತದೆ. ಇಷ್ಟಾದ ಮೇಲೆ ಟ್ಯಾಬಿನಲ್ಲಿ ಇಪ್ಪತ್ತು ಲೆಕ್ಕ ಮಾಡಿಸಿ, ಒಂದೊಂದೂ ಮೈಗೂಡುತ್ತದೆ. ತಪ್ಪಿನ ಜಾಡು ಹಿಡಿದು ಲೆಕ್ಕ ಬದಲಿಸುವ ತಂತ್ರಾಂಶಗಳೂ ಇವೆ ನಿಜ. ಆದರೆ ಬರೀ ವಿಡಿಯೊ ತುಂಬಿದ ಪೆನ್‌ಡ್ರೈವ್ ಆ ಕೆಲಸ ಮಾಡಲಾರದು.

ಸಣ್ಣ ಶಾಲೆಯ ಕಷ್ಟವೇ ಬೇರೆ. ಐದು ತರಗತಿ, ಇಪ್ಪತ್ತೋ ಮೂವತ್ತೋ ಮಕ್ಕಳು, ಇಬ್ಬರು ಶಿಕ್ಷಕರು. ಒಬ್ಬರ ಪಾಲಿಗೆ ಬಿಸಿಯೂಟದ ಲೆಕ್ಕ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ತಾಲ್ಲೂಕಿನ ಸಭೆ. ಇನ್ನೊಬ್ಬರ ಕೈಯಲ್ಲಿ ಇಡೀ ಶಾಲೆ. ಅಂಥ ಹೊತ್ತಿನಲ್ಲಿ ಟಿವಿ ಹಚ್ಚಿ ಮಕ್ಕಳನ್ನು ಸುಮ್ಮನೆ ಕೂರಿಸಿದ ಮೇಷ್ಟ್ರನ್ನು ನಾನು ದೂರುವುದಿಲ್ಲ. ದೂರಬೇಕಾದದ್ದು ಖಾಲಿ ಹುದ್ದೆ ತುಂಬದೆ ಟಿವಿ ಕಳಿಸುವ ವ್ಯವಸ್ಥೆಯನ್ನು.

ಯಂತ್ರಕ್ಕೆ ಸರಿಯಾದ ಜಾಗ ನಮ್ಮ ನಲಿ-ಕಲಿ ಕೋಣೆಯಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ 1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ, ‘ತಟ್ಟೆ’ ಎಂದು ಕರೆಯುವ ಗುಂಪುಗಳಾಗಿ ಕೂರುತ್ತಾರೆ. ಒಂದು ತಟ್ಟೆಯ ಮಕ್ಕಳಿಗೆ ಶಿಕ್ಷಕರು ಪಕ್ಕದಲ್ಲೇ ಇರಬೇಕು; ಇನ್ನೊಂದರ ಮಕ್ಕಳು ಕಾರ್ಡು ಹಿಡಿದು ತಾವೇ ಕಲಿಯುತ್ತಾರೆ. ಟ್ಯಾಬ್ ಹೋಗಬೇಕಾದದ್ದು ಈ ಸ್ವಕಲಿಕೆಯ ತಟ್ಟೆಗೆ. ಆಗ ಟೀಚರ್‌ಗೆ ಕಡ್ಡಿ ಕಟ್ಟು ಹಿಡಿದು ಕೂರಲು ಬಿಡುವು ಸಿಗುತ್ತದೆ. ಇದಕ್ಕೆ ಇಂಟರ್‌ನೆಟ್ ಕೂಡ ಬೇಕಿಲ್ಲ; ಅಕ್ಷರ ಫೌಂಡೇಶನ್‌ನ ‘ಬಿಲ್ಡಿಂಗ್ ಬ್ಲಾಕ್ಸ್’ ಗಣಿತದ ಆಪ್ ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ.

ಯಂತ್ರ ಮತ್ತು ಶಿಕ್ಷಕರ ನಡುವಿನ ಈ ಹದ ರೇಡಿಯೊ ಪಾಠಗಳಿಗೆ ಸಿಕ್ಕಿತ್ತು. ಆಕಾಶವಾಣಿಯಲ್ಲಿ ಬಂದ ‘ಚಿಣ್ಣರ ಚುಕ್ಕಿ’ಯಂಥ ಕಾರ್ಯಕ್ರಮದಲ್ಲಿ ಪ್ರಶ್ನೆ ಕೇಳಿದ ದನಿ ಕೆಲವು ಕ್ಷಣ ಸುಮ್ಮನಾಗುತ್ತಿತ್ತು. ಆ ಬಿಡುವಿನಲ್ಲಿ ಮಕ್ಕಳು ಉತ್ತರ ಕೂಗಬೇಕು, ಎದ್ದು ನಿಲ್ಲಬೇಕು, ಶಿಕ್ಷಕರು ತಪ್ಪಿದವರನ್ನು ತಿದ್ದಬೇಕು. 1970ರ ದಶಕದಲ್ಲಿ ನಿಕರಾಗುವಾದ ಹಳ್ಳಿ ಶಾಲೆಗಳಿಗೆ ಗಣಿತ ಕಲಿಸಲು ರೂಪುಗೊಂಡ ವಿಧಾನ ಇದು. ಇಂದು ತಯಾರಾಗುವ ಎಷ್ಟೋ ವಿಡಿಯೊಗಳಲ್ಲಿ ಇಂಥ ಬಿಡುವೇ ಇಲ್ಲ. ಮಗು ಬಾಯಿ ತೆರೆಯುವ ಮೊದಲೇ ಉತ್ತರ ಪರದೆಯ ಮೇಲಿರುತ್ತದೆ.

ಇನ್ನು ಬಾಳಿಕೆಯ ಮಾತು. 1975ರ ಆಗಸ್ಟ್‌ನಿಂದ ಒಂದು ವರ್ಷ ನಾಸಾದ ಉಪಗ್ರಹದ ಮೂಲಕ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೂ ಟಿವಿ ಬಂದಿತ್ತು, ಬೆಳಿಗ್ಗೆ ಶಾಲೆ ಮಕ್ಕಳಿಗಾಗಿಯೇ ಕಾರ್ಯಕ್ರಮ ಇರುತ್ತಿತ್ತು. ವರ್ಷ ಮುಗಿಯಿತು, ಉಪಗ್ರಹ ಹೋಯಿತು, ಕಾರ್ಯಕ್ರಮ ನಿಂತಿತು. 2004ರಲ್ಲಿ ಇಸ್ರೊ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿಸಿದಾಗ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಆಂಟೆನಾ, ಟಿವಿ ಬಂದವು. 2010ಕ್ಕೆ ಆ ಉಪಗ್ರಹದ ಆಯಸ್ಸೂ ತೀರಿತು. ಆಕಾಶದ ಮಾತು ಬಿಡಿ, ಹಳ್ಳಿ ಶಾಲೆಯಲ್ಲಿ ಎರಡು ವರ್ಷಕ್ಕೆ ಯುಪಿಎಸ್ ಬ್ಯಾಟರಿ ಸತ್ತರೂ ಕಥೆ ಅಷ್ಟೆ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಎಂದು 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿ ಘೋಷಿಸಿದ್ದು ಒಳ್ಳೆಯದೇ ಆಯಿತು. ಆದರೆ ಕರೆಂಟ್ ಬಿಲ್ಲಿನ ಚಿಂತೆ ತಪ್ಪಿದ ಶಾಲೆಗೂ ರಿಪೇರಿ ಮಾಡುವವರು ಬೇಕೇ ಬೇಕು.

ಹಾಗಾಗಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಹೋಗುವ ತಂದೆ-ತಾಯಂದಿರಲ್ಲಿ ನನ್ನ ಕೋರಿಕೆ ಇಷ್ಟು. ದಾನಿಗಳನ್ನು ಹಾರ ಹಾಕಿ ಬರಮಾಡಿಕೊಳ್ಳಿ. ಟಿವಿಯ ಜೊತೆಗೆ ಮೂರು ವರ್ಷದ ರಿಪೇರಿ ಖರ್ಚನ್ನೂ ಬರಹದಲ್ಲಿ ಕೇಳಿ. ವೇಳಾಪಟ್ಟಿ ತರಿಸಿ, ಟ್ಯಾಬಿನ ಅವಧಿ ಗಣಿತದ ಅವಧಿಯನ್ನು ನುಂಗಿದೆಯೇ ನೋಡಿ. ನುಂಗಿದ್ದರೆ ಅದನ್ನು ಸಂಜೆಗೆ ಸರಿಸಿ, ಆ ಹೊತ್ತಿಗೆ ಮಕ್ಕಳ ಜೊತೆ ಕೂರಲು ಊರಿನ ಪದವೀಧರ ಹುಡುಗಿಯೊಬ್ಬಳಿಗೆ ಗೌರವಧನ ಕೊಡಿಸಿ. ಖಾಲಿ ಇರುವ ಶಿಕ್ಷಕರ ಹುದ್ದೆ ತುಂಬುವಂತೆ ಅದೇ ಸಭೆಯಲ್ಲಿ ನಿರ್ಣಯ ಬರೆದು, ಎಲ್ಲರೂ ಸಹಿ ಹಾಕಿ, ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.