ಪಡಸಾಲೆಯ ಫೋನು ಮತ್ತು ಸತ್ಯಾಣುವ್ರತ

ಕೊಡಗಿನ ಹಳೆಯ ಮನೆಗಳ ಪಡಸಾಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕುಳಿತಿರುತ್ತಿದ್ದ ಕಪ್ಪು ಫೋನನ್ನು ನೆನೆದು ಹಲವರು ಇಂದು ನಿಟ್ಟುಸಿರಿಡುತ್ತಾರೆ. ಕಾಫಿ ತೋಟಗಳ ನಡುವೆ ಮನೆಗಳು ದೂರ ದೂರ. ಮುಂಗಾರಿನಲ್ಲಿ ಮರ ಉರುಳಿ ತಂತಿ ಕಡಿದರೆ ದಿನಗಟ್ಟಲೆ ಮೌನ. ಬೆಂಗಳೂರಿಗೋ ಮುಂಬಯಿಗೋ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು; 3 ನಿಮಿಷಕ್ಕೊಂದು ಲೆಕ್ಕ. ಹೇಳಬೇಕಾದುದನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳುವವರೂ ಇದ್ದರು.

ಇದನ್ನೇ ಭಾಷಾ ಸಮಿತಿಯೆಂದು ಕೊಂಡಾಡುವುದು ಸರಿಯಲ್ಲ. ಮುನಿಗಳ ಹಿತಮಿತ ವಚನ ಸಂಯಮದಿಂದ ಬರುವಂಥದು. ಇದು ದುಡ್ಡಿನ ಚಿಂತೆಯಿಂದ ಬಂದದ್ದು. ಕರೆ ಅಗ್ಗವಾದೊಡನೆ ಮಿತವೂ ಹೋಯಿತಷ್ಟೆ.

ನೆನೆಯಬೇಕಾದುದು ಬೇರೆಯೇ ಇದೆ. ಊರಿಗೆ ಒಂದೆರಡೇ ಫೋನುಗಳಿದ್ದಾಗ ನೆರೆಹೊರೆಯವರ ಕರೆಯೂ ಆ ಮನೆಗೇ ಬರುತ್ತಿತ್ತು. ಮಗಳ ಸಂಬಂಧ ಮುರಿದದ್ದು, ತೋಟದ ಸಾಲ, ಆಸ್ಪತ್ರೆಯ ಸುದ್ದಿ ಎಲ್ಲವೂ ಮನೆಯವರ ಕಿವಿಗೆ ಬೀಳುತ್ತಿತ್ತು. ಒಲೆಯ ನೆಪ ಹೇಳಿ ಒಳಗೆ ಸರಿದು, ಕೇಳಿದ್ದನ್ನೂ ತನ್ನಲ್ಲೇ ಅಡಗಿಸಿಕೊಂಡ ಗೃಹಿಣಿಯರು ಎಷ್ಟೋ ಮಂದಿ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 7ನೇ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಹೇಳಿದ 5 ಅತಿಚಾರಗಳಲ್ಲಿ ‘ರಹೋಭ್ಯಾಖ್ಯಾನ’ ಒಂದು: ಪರರ ಏಕಾಂತದ ವಿಷಯವನ್ನು ಬಯಲುಮಾಡುವುದು. ಆಡಿದ ಮಾತು ನಿಜವೇ ಆಗಿದ್ದರೂ ಅದು ವ್ರತಕ್ಕೆ ದೋಷವೇ. ಸತ್ಯವೆಂದರೆ ಸುಳ್ಳಾಡದಿರುವುದಷ್ಟೇ ಎಂದು ತಿಳಿದವರು ಈ ಸೂತ್ರವನ್ನು ಗಮನಿಸಿದಂತಿಲ್ಲ.

ಈಗ ಒಬ್ಬರನ್ನೇ ನಂಬಿ ಕಳುಹಿಸಿದ ಧ್ವನಿಸಂದೇಶ ಸಂಜೆಯೊಳಗೆ ಬಂಧುಗಳ ವಾಟ್ಸ್‌ಆ್ಯಪ್ ಗುಂಪುಗಳನ್ನೆಲ್ಲ ಸುತ್ತುತ್ತದೆ. ‘ಇದ್ದುದನ್ನೇ ಕಳುಹಿಸಿದ್ದು, ಸುಳ್ಳೇನೂ ಅಲ್ಲವಲ್ಲ’ ಎಂಬ ಸಮಜಾಯಿಷಿ ಬೇರೆ. ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ಪ್ರವಚನ ಕೇಳಿ ಬಸದಿಯ ಮೆಟ್ಟಿಲಿಳಿಯುವ ಶ್ರಾವಕ ಶ್ರಾವಕಿಯರೂ ಇದಕ್ಕೆ ಹೊರತಲ್ಲ.