ಎತ್ತರದ ಕಾರು ಹಾದಿಗೆ, ಹೊಲಕ್ಕಲ್ಲ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಯಾವ ಊರಿಗೆ ಹೋದರೂ ಈಗ ಅಗಸಿಯ ಹತ್ತಿರ ಒಂದೆರಡು ಚಿಕ್ಕ ಎಸ್‌ಯುವಿ ನಿಂತಿರುತ್ತವೆ. ಉದ್ದ 4 ಮೀಟರಿನೊಳಗೆ, ಆದರೆ ನೆಲದಿಂದ ಎತ್ತರವಾಗಿರುವ ಕಾರುಗಳಿವು. ಈ ಅಳತೆಯೊಳಗೆ 1200 ಸಿ.ಸಿ. ಮೀರದ ಪೆಟ್ರೋಲ್ ಮತ್ತು 1500 ಸಿ.ಸಿ. ಮೀರದ ಡೀಸೆಲ್ ಗಾಡಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿಯಿತು. ಅಂದಿನಿಂದ 'ನಾವೂ ಒಂದು ತೊಗೊಳ್ಳೋಣೇನು?' ಎಂದು ಕೇಳುವವರು ಹೆಚ್ಚಾಗಿದ್ದಾರೆ. ಮೂರು ವರ್ಷದಿಂದ ಇಂಥದೊಂದು ಡೀಸೆಲ್ ಗಾಡಿ ಇಟ್ಟುಕೊಂಡವನಾಗಿ ನನಗೆ ತಿಳಿದದ್ದನ್ನು ಹೇಳುತ್ತೇನೆ.

ಮೊದಲು ಅದರ ಗುಣ. ಒಂದು ಮಳೆಗಾಲದ ರಾತ್ರಿ ನಮ್ಮ ತಾಯಿಗೆ ಉಸಿರಾಟದ ತೊಂದರೆಯಾಯಿತು. ಯಾರ ಬಾಗಿಲನ್ನೂ ಬಡಿಯದೆ, ಗುಂಡಿ ಬಿದ್ದ ರಸ್ತೆಯಲ್ಲಿ ತಳ ತಾಗಿಸದೆ, ಧಾರವಾಡದ ದವಾಖಾನೆ ಮುಟ್ಟಿಸಿದೆವು. ತಾಯಿ ಉಳಿದಳು. ಆ ಒಂದು ರಾತ್ರಿಗೆ ನಾನು ಬೆಲೆ ಕಟ್ಟಲಾರೆ.

ಆದರೆ ಎತ್ತರವಿದೆಯೆಂದು ಗಾಡಿಯನ್ನು ಹೊಲಕ್ಕೆ ಇಳಿಸಬೇಡಿ. 18ರಿಂದ 20 ಸೆಂ.ಮೀ. ಎತ್ತರ ಕಲ್ಲು, ಗುಂಡಿಗಳಿಗೆ ಸಾಕು. ಎರೆಯ ಕೆಸರಿಗೆ ಸಾಲದು. ಇವುಗಳಲ್ಲಿ ಹೆಚ್ಚಿನವಕ್ಕೆ ಇಂಜಿನ್ನಿನ ಎಳೆತ ಮುಂದಿನ ಎರಡು ಗಾಲಿಗಳಿಗೆ ಮಾತ್ರ. ನೀರು ಕುಡಿದು ಉಬ್ಬಿದ ಎರೆಮಣ್ಣು ಟಾಯರಿನ ಗೀರುಗಳಲ್ಲಿ ತುಂಬಿಕೊಂಡರೆ ಗಾಲಿ ಗರಗರ ತಿರುಗುತ್ತದೆ, ಗಾಡಿ ಕದಲುವುದಿಲ್ಲ. ಕಡಲೆ ಬಿತ್ತುವ ದಿನಗಳಲ್ಲಿ ನಾನು ಹೀಗೇ ಸಿಕ್ಕಿಕೊಂಡೆ. ಕೊನೆಗೆ ನೆರೆಹೊಲದವರ ಎತ್ತುಗಳು ಎಳೆದು ಹಾದಿಗೆ ಹಚ್ಚಿದವು. ಬೀಜ, ಗೊಬ್ಬರ ಒಯ್ಯಲು ಚಕ್ಕಡಿಯೋ ಟ್ರ್ಯಾಕ್ಟರೋ ಇರಲಿ.

ನೀರಿನ ವಿಷಯದಲ್ಲೂ ಎತ್ತರವನ್ನು ನಂಬಬೇಡಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ರಾಮದುರ್ಗದ ಕಡೆ ಎಷ್ಟು ಮನೆ-ಹೊಲ ಮುಳುಗಿಸಿತೆಂಬುದು ನಿಮಗೆ ಗೊತ್ತು. ರಭಸದಿಂದ ಹರಿಯುವ ಒಂದು ಅಡಿ ನೀರು ಚಿಕ್ಕ ಕಾರನ್ನು ತೇಲಿಸಬಲ್ಲದು. ಎರಡು ಅಡಿ ನೀರು ದೊಡ್ಡ ಗಾಡಿಯನ್ನೂ ಸೆಳೆದೊಯ್ಯುತ್ತದೆ. ಹಳ್ಳ ಸೇತುವೆ ಮೀರಿ ಹರಿಯುವಾಗ ಈಚೆ ದಂಡೆಯಲ್ಲೇ ನಿಲ್ಲಿರಿ. ನಿಂತ ನೀರಿನಲ್ಲಿ ಇಂಜಿನ್ ಬಂದಾದರೂ ಮತ್ತೆ ಚಾಲೂ ಮಾಡಲು ಹೋಗಬೇಡಿ. ಒಳಗೆ ನೀರು ಹೊಕ್ಕಿದ್ದರೆ ಇಂಜಿನ್ನೇ ಕೆಟ್ಟೀತು.

ಡೀಸೆಲ್ ಕೊಳ್ಳುವವರು ಇನ್ನೊಂದು ಮಾತು ತಿಳಿದಿರಬೇಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಭಾಗವಿದೆ. ಗಾಡಿ ಚೆನ್ನಾಗಿ ಕಾದು ಒಂದೇ ವೇಗದಲ್ಲಿ ಓಡಿದಾಗ ಆ ಮಸಿ ಸುಟ್ಟುಹೋಗುತ್ತದೆ. ಕಿತ್ತೂರಿನವರಿಗೆ ಪುಣೆ-ಬೆಂಗಳೂರು ಹೆದ್ದಾರಿ ಬಾಗಿಲಲ್ಲೇ ಇದೆ. ಮನೆಯಿಂದ ತೋಟಕ್ಕೆ, ತೋಟದಿಂದ ಮನೆಗೆ ಎಂದು ದಿನಾ ಎರಡು ಕಿ.ಮೀ. ಓಡಿಸುವ ನಮ್ಮಂಥವರ ಗಾಡಿಯಲ್ಲಿ ಮಸಿ ಕಟ್ಟಿ, ಎಚ್ಚರಿಕೆಯ ದೀಪ ಹತ್ತುತ್ತದೆ. ಸಣ್ಣ ಓಡಾಟವೇ ಹೆಚ್ಚಾಗಿದ್ದರೆ ಪೆಟ್ರೋಲ್ ಗಾಡಿ ಲೇಸು. ಇನ್ನು, ಮೇವಿನ ಬಣವೆಯ ಪಕ್ಕ ನಿಲ್ಲಿಸಬೇಡಿ. ಇಲಿ ಬಂದು ವೈರು ಕಡಿಯುತ್ತವೆ.

ಎಲ್ಲಕ್ಕಿಂತ ಮುಖ್ಯ, ಸಾಲ. 8 ಲಕ್ಷ ರೂಪಾಯಿಯನ್ನು ಶೇ. 10ರ ಬಡ್ಡಿಯಲ್ಲಿ 5 ವರ್ಷಕ್ಕೆ ತಂದರೆ ತಿಂಗಳ ಕಂತು ಸುಮಾರು 17 ಸಾವಿರ, ವರ್ಷಕ್ಕೆ 2 ಲಕ್ಷ 4 ಸಾವಿರ. ಕಬ್ಬಿಗೆ ಟನ್ನಿಗೆ 3,000 ರೂಪಾಯಿ ಹಿಡಿದರೆ 68 ಟನ್ ಕಬ್ಬು ಕಂತಿಗೇ ಹೋಯಿತು. ಎಕರೆಗೆ 40 ಟನ್ ಬೆಳೆದರೂ, ಖರ್ಚು ಕಳೆಯದೆ, ಒಂದೂಮುಕ್ಕಾಲು ಎಕರೆಯ ಬೆಳೆ ಅದು. ಡೀಸೆಲ್, ವಿಮೆ, ರಿಪೇರಿ ಬೇರೆ. ಕಂತು ತಿಂಗಳಿಗೊಮ್ಮೆ ಬರುತ್ತದೆ, ಕಬ್ಬಿನ ಬಿಲ್ಲು ತನಗೆ ಬೇಕಾದಾಗ ಬರುತ್ತದೆ. ನನಗೆ ಎರಡು ಸಲ ಬಿಲ್ಲು ತಡವಾಗಿ, ಕಂತು ಕಟ್ಟಲು ಮನೆಯಾಕೆಯ ಬಂಗಾರ ಅಡವಿಡಬೇಕಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ನಿಮಗೆ ಉಪಯೋಗವಾಗಲೆಂದು ಬರೆದಿದ್ದೇನೆ.

ಆದ್ದರಿಂದ ನನ್ನ ಸಲಹೆ ಇಷ್ಟು: ಅರ್ಧಕ್ಕಿಂತ ಹೆಚ್ಚು ಹಣ ಕೈಯಲ್ಲಿದ್ದರೆ ಮಾತ್ರ ಕೊಳ್ಳಿರಿ. ಟ್ರ್ಯಾಕ್ಟರ್ ಸಾಲದಂತೆ ಆರು ತಿಂಗಳ ಕಂತು ಸಿಗುವುದೋ ಎಂದು ಮೊದಲೇ ವಿಚಾರಿಸಿರಿ. ಬೆಳೆಸಾಲದ ಹಣವನ್ನು ಇದಕ್ಕೆ ಮುಟ್ಟಬೇಡಿ. ಸ್ವಂತಕ್ಕೆ ನೋಂದಾಯಿಸಿದ ಗಾಡಿಯನ್ನು ಯಲ್ಲಮ್ಮನ ಜಾತ್ರೆಗೆ ಬಾಡಿಗೆ ಹೊಡೆದು ಕಂತು ತೀರಿಸುತ್ತೇನೆಂಬ ಲೆಕ್ಕವೂ ಬೇಡ. ಅಪಘಾತವಾದರೆ ವಿಮೆಯ ಹಣಕ್ಕೆ ತಕರಾರು ಬರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ಈ ಗಾಡಿ ಮನೆಯ ಆಳಾಗಿ ದುಡಿಯುತ್ತದೆ. ಇಲ್ಲವಾದರೆ ಅದಕ್ಕೆ ನಾವೇ ಆಳು.